ಸೂಜಿಯಿಂದ ಗೋಡೆಯವರೆಗೆ



ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಸಾಮಾನ್ಯವಾಗಿ ಒಂದು ರಟ್ಟಿನ ಡಬ್ಬ ಇರುತ್ತದೆ. ಮಂಚದ ಕೆಳಗೋ, ಬಾತ್‌ರೂಮಿನ ಮೇಲಿನ ಅಟ್ಟದಲ್ಲೋ ಕೂತಿರುತ್ತದೆ. ಅದರೊಳಗೆ ಅಪ್ಪ ಕೊಂಡಿದ್ದ ಹತ್ತಿಪ್ಪತ್ತು ಎಲ್.ಪಿ.ಗಳು, ಭಾವಗೀತೆಯ ಕ್ಯಾಸೆಟ್‌ಗಳು, ಯಾರದೋ ಮದುವೆಮನೆಯಲ್ಲಿ ಅಜ್ಜಿ ಹಾಡಿದ್ದನ್ನು ಟೇಪ್ ಮಾಡಿಕೊಂಡದ್ದು. ನೌಕರಿ ಗಟ್ಟಿಯಾಗಿ, ಮನೆಸಾಲದ ಕಂತು ಸ್ವಲ್ಪ ಹಗುರಾದ ಮೇಲೆ ಒಂದು ದಿನ ಅನ್ನಿಸುತ್ತದೆ: ಇದನ್ನೆಲ್ಲ ಸರಿಯಾಗಿ ಕೇಳಬೇಕು, ಅದಕ್ಕೊಂದು ಒಳ್ಳೆಯ ಸಿಸ್ಟಂ ಬೇಕು. ಹೈ-ಫೈ ಹುಚ್ಚು ಹತ್ತುವುದು ಹೀಗೆ.

ಹತ್ತಿದ ಮೇಲೆ ಅದು ಇಳಿಯುವುದಿಲ್ಲ. ಮೊದಲು ಒಂದು ಆಂಪ್ಲಿಫೈಯರ್, ಆರು ತಿಂಗಳಿಗೆ ಅದಕ್ಕಿಂತ ದೊಡ್ಡದು, ಆಮೇಲೆ ದಪ್ಪ ವೈರು, ಆಮೇಲೆ ಸ್ಪೀಕರ್ ಬದಲಾವಣೆ. ಮನೆಯವರು ಮುಖ ನೋಡತೊಡಗುತ್ತಾರೆ. ನಾನೂ ಈ ದಾರಿಯಲ್ಲಿ ಸಾಕಷ್ಟು ದುಡ್ಡು ಕಳೆದವನೇ. ದುಡ್ಡು ಹೋದದ್ದಕ್ಕೆ ಅಷ್ಟು ಬೇಸರವಿಲ್ಲ. ಇನ್ನೊಂದು ಹೋಯಿತು, ಅದನ್ನು ಈಗಲೇ ಹೇಳುತ್ತೇನೆ. ನೀವು ಈ ಹವ್ಯಾಸಕ್ಕೆ ಹೊಸಬರಾಗಿದ್ದರೆ ಮುಂದಿನ ನಾಲ್ಕು ಪ್ಯಾರಾ ಓದದೆ ಆ ಡಬ್ಬದ ರೆಕಾರ್ಡುಗಳನ್ನು ದಯವಿಟ್ಟು ಹಾಕಬೇಡಿ.

ಧಾರವಾಡದ ಮನೆಯಿಂದ ಅಪ್ಪನ ರೆಕಾರ್ಡ್ ಪ್ಲೇಯರ್ ಅನ್ನು ಡೊಂಬಿವಲಿಯ ಫ್ಲ್ಯಾಟಿಗೆ ತಂದಾಗ ಅದರ ಬೆಲ್ಟ್ ಹಾಳಾಗಿತ್ತು. ಬೆಲ್ಟ್ ಹಾಕಿಸಿದೆ, ಎಣ್ಣೆ ಬಿಡಿಸಿದೆ, ತಿರುಗತೊಡಗಿತು. ಸಂತೋಷದಲ್ಲಿ ಸೂಜಿಯ ಕಡೆ ನೋಡಲೇ ಇಲ್ಲ. ಹಾಡು ಕೊಂಚ ಒರಟಾಗಿ ಕೇಳುತ್ತಿತ್ತು. ‘ಸ’, ‘ಶ’ ಬಂದಲ್ಲೆಲ್ಲ ಮರಳು ಉಜ್ಜಿದ ಸದ್ದು. ಆಂಪ್ಲಿಫೈಯರ್ ಹಳೆಯದಾಯಿತು ಎಂದುಕೊಂಡೆ. ಹೊಸದು ತಂದೆ. ಒಂದು ಅಂಗಡಿಯವರು ವೈರು ಬದಲಿಸಿ ಅಂದರು. ಬದಲಿಸಿದೆ. ಹೀಗೆ ಎರಡು ವರ್ಷ, ದಿನಕ್ಕೊಂದು ತಾಸು ಕೇಳಿದೆ. ಕೊನೆಗೆ ಗಡಿಯಾರ ರಿಪೇರಿ ಮಾಡುವ ಸ್ನೇಹಿತರೊಬ್ಬರು ತಮ್ಮ ಕಣ್ಣಿಗೆ ಹಾಕುವ ಭೂತಗನ್ನಡಿಯಲ್ಲಿ ಸೂಜಿ ನೋಡಿದರು. ಎರಡೂ ಬದಿ ಸವೆದು ತುದಿ ಉಳಿಯಂತಾಗಿತ್ತು. ಅಪ್ಪ ಅತಿ ಹೆಚ್ಚು ಪ್ರೀತಿಸಿದ್ದ, ಹಾಗಾಗಿ ನಾನೂ ಅತಿ ಹೆಚ್ಚು ಹಾಕಿದ್ದ ಐದಾರು ಎಲ್.ಪಿ.ಗಳನ್ನು ಆ ಉಳಿ ಎರಡು ವರ್ಷ ಕೆತ್ತಿತ್ತು.

ಏನಾಗುತ್ತದೆ ನೋಡಿ. ಎಲ್.ಪಿ.ಯ ಗೆರೆಯ ಎರಡು ಗೋಡೆಗಳ ಮೇಲೆ ಸಂಗೀತ ಅಲೆಯಲೆಯಾಗಿ ಕೊರೆದಿರುತ್ತದೆ. ಸೂಜಿಯ ವಜ್ರದ ತುದಿ ಆ ಗೋಡೆಗಳಿಗೆ ತಾಗಿಕೊಂಡು ಓಡುತ್ತದೆ. ಮೇಲಿನ ಭಾರ ಬರೀ ಎರಡು ಗ್ರಾಂ ಇರಬಹುದು, ಆದರೆ ತಾಗುವ ಜಾಗ ಕಣ್ಣಿಗೆ ಕಾಣದಷ್ಟು ಚಿಕ್ಕದು. ಹಾಗಾಗಿ ಅಲ್ಲಿ ಬೀಳುವ ಒತ್ತಡ ಭಾರೀ. ವಜ್ರವಾದರೂ ಸವೆಯುತ್ತದೆ. ಸಾಮಾನ್ಯ ಎಲಿಪ್ಟಿಕಲ್ ಸೂಜಿಯ ಆಯುಸ್ಸು 500ರಿಂದ 1000 ಗಂಟೆ ಎನ್ನುತ್ತಾರೆ. ದಿನಕ್ಕೊಂದು ತಾಸಿನ ಲೆಕ್ಕದಲ್ಲಿ ಎರಡು, ಹೆಚ್ಚೆಂದರೆ ಮೂರು ವರ್ಷ. ಸವೆದ ತುದಿ ಸಣ್ಣ ಅಲೆಗಳ ಒಳಗೆ ಇಳಿಯಲಾರದೆ ಅವನ್ನು ಹೆರೆಯುತ್ತಾ ಹೋಗುತ್ತದೆ. ಸಣ್ಣ ಅಲೆಗಳೆಂದರೆ ತಾರದ ಸ್ವರಗಳು, ತಂಬೂರಿಯ ಜೀವಾಳ, ವ್ಯಂಜನಗಳ ಸ್ಪಷ್ಟತೆ. ಹೋದದ್ದು ಮತ್ತೆ ಬರುವುದಿಲ್ಲ. ಆಂಪ್ಲಿಫೈಯರ್ ಸುಟ್ಟರೆ ಇನ್ನೊಂದು ಸಿಗುತ್ತದೆ, ಸ್ಪೀಕರ್ ಹರಿದರೆ ಕೋನ್ ಹಾಕಿಸಬಹುದು. ಇಡೀ ಸಿಸ್ಟಂನಲ್ಲಿ ತಿರುಗಿ ಕೊಳ್ಳಲಾಗದ ವಸ್ತು ರೆಕಾರ್ಡ್ ಒಂದೇ, ಅದನ್ನು ಮುಟ್ಟುವ ವಸ್ತು ಸೂಜಿ ಒಂದೇ.

ಆದ್ದರಿಂದ ಮೊದಲ ಖರ್ಚು ಸೂಜಿಗೆ. ಹಳೆಯ ಪ್ಲೇಯರ್ ಮನೆಗೆ ಬಂದರೆ ಅದರ ಸೂಜಿ ಎಷ್ಟು ಓಡಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲ, ಕೇಳುವ ಮೊದಲೇ ಬದಲಿಸಿಬಿಡಿ. ಭಾರ ಎಷ್ಟಿರಬೇಕೆಂದು ಕಾರ್ಟ್ರಿಜ್ ತಯಾರಿಸಿದವರೇ ಹೇಳಿರುತ್ತಾರೆ, ಅದನ್ನು ಅಳೆಯುವ ಪುಟ್ಟ ತಕ್ಕಡಿ ಸಿಗುತ್ತದೆ. ಭಾರ ಕಡಿಮೆಯಾದಷ್ಟೂ ರೆಕಾರ್ಡಿಗೆ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿದೆ. ಅದು ತಪ್ಪು. ತೀರಾ ಹಗುರವಾದ ಸೂಜಿ ಗೆರೆಯಲ್ಲಿ ನೆಟ್ಟಗೆ ಕೂರದೆ ಗೋಡೆಯಿಂದ ಗೋಡೆಗೆ ಬಡಿದಾಡುತ್ತದೆ.

ಅಪ್ಪನ ಕಾಲದ ಸೂಟ್‌ಕೇಸಿನಂಥ ಪೋರ್ಟಬಲ್ ಪ್ಲೇಯರ್ ನಿಮ್ಮಲ್ಲಿದ್ದರೆ ಸೂಜಿಯ ಪಕ್ಕ ಒಂದು ಪುಟ್ಟ ಕಡ್ಡಿ ಇದೆಯೇ ನೋಡಿ. ಒಂದು ಕಡೆ ತಿರುಗಿಸಿದರೆ ಎಲ್.ಪಿ., ಇನ್ನೊಂದು ಕಡೆಗೆ 78. ಅರಗಿನ 78ರ ಗೆರೆ ಎಲ್.ಪಿ.ಯ ಗೆರೆಗಿಂತ ಸುಮಾರು ಮೂರು ಪಟ್ಟು ಅಗಲ, ಅದಕ್ಕೆ ದಪ್ಪ ಸೂಜಿಯೇ ಬೇಕು. ಗಂಗೂಬಾಯಿ ಹಾನಗಲ್ಲರು ಚಿಕ್ಕ ವಯಸ್ಸಿನಲ್ಲಿ ಹಾಡಿದ ಮೂರು ಮೂರೂವರೆ ನಿಮಿಷದ ತಟ್ಟೆ ನಿಮ್ಮಲ್ಲಿದ್ದು, ಅದರಿಂದ ಬರೀ ಮಳೆ ಸುರಿದ ಸದ್ದು ಬರುತ್ತಿದ್ದರೆ, ತಟ್ಟೆ ಕೆಟ್ಟಿದೆಯೆಂದು ತೀರ್ಮಾನಿಸುವ ಮುನ್ನ ಸೂಜಿ ನೋಡಿ. ಎಲ್.ಪಿ. ಸೂಜಿ ಅದರ ತಳದಲ್ಲಿ ಧೂಳು ಕೆದಕುತ್ತಾ ಓಡುತ್ತಿರಬಹುದು. ಕೈಯಿಂದ ಕೀಲಿ ಕೊಡುವ ಗ್ರಾಮಫೋನಿನ ಮೇಲೆ ಎಲ್.ಪಿ. ಹಾಕುವ ತಮಾಷೆಯನ್ನಂತೂ ಮಕ್ಕಳಿಗೂ ಬಿಡಬೇಡಿ. ಆ ಉಕ್ಕಿನ ಸೂಜಿಗೆ ಒಂದೇ ಸುತ್ತು ಸಾಕು.

ಇಲ್ಲೇ ಇನ್ನೊಂದು ಗೊಂದಲ ಬಗೆಹರಿಸೋಣ. ರೆಕಾರ್ಡ್ ಪ್ಲೇಯರ್ ಅನ್ನು ನೇರವಾಗಿ ಆಂಪ್ಲಿಫೈಯರಿನ ಆಕ್ಸ್ ತೂತಿಗೆ ಸಿಕ್ಕಿಸಿ, ದನಿ ಸಣ್ಣಗೆ, ತೆಳ್ಳಗೆ ಬರುತ್ತದೆಂದು ದೂರುವವರು ಬಹಳ. ಸಿ.ಡಿ. ಪ್ಲೇಯರಿನಿಂದ ಹೊರಡುವುದು ಸುಮಾರು 2 ವೋಲ್ಟ್. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನಿಂದ ಹೊರಡುವುದು ಸುಮಾರು 5 ಮಿಲಿವೋಲ್ಟ್, ಅಂದರೆ ನಾನೂರನೇ ಒಂದು ಪಾಲು. ಜೊತೆಗೆ, ಮಂದ್ರದ ಸ್ವರಗಳನ್ನು ಇದ್ದಹಾಗೆ ಕೊರೆದರೆ ಗೆರೆಗಳು ಅಗಲವಾಗಿ ತಟ್ಟೆ ಸಾಲದು. ಅದಕ್ಕೇ ಕೊರೆಯುವಾಗ ಮಂದ್ರವನ್ನು ತಗ್ಗಿಸಿ, ತಾರವನ್ನು ಏರಿಸಿರುತ್ತಾರೆ. ಕೇಳುವಾಗ ಅದನ್ನು ತಿರುಗುಮುರುಗು ಮಾಡಬೇಕು. ಆ ಕೆಲಸ ಮಾಡುವುದು ಫೋನೋ ಪ್ರೀ-ಆಂಪ್. ಹಳೆಯ ಆಂಪ್ಲಿಫೈಯರುಗಳ ಹಿಂದೆ ‘ಫೋನೋ’ ಎಂದು ಬರೆದ ತೂತು ಇರುತ್ತಿತ್ತು. ಇಲ್ಲದಿದ್ದರೆ ಪ್ರತ್ಯೇಕ ಪುಟ್ಟ ಪೆಟ್ಟಿಗೆ ಕೊಳ್ಳಬೇಕು. ಸೋಲ್ಡರಿಂಗ್ ಬಂದರೆ ನೀವೇ ಮಾಡಿಕೊಳ್ಳಬಹುದಾದ ಮೊದಲ ಯಂತ್ರವೂ ಇದೇ.

ಕ್ಯಾಸೆಟ್‌ಗಳ ವಿಷಯ ಚಿಕ್ಕದು. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಮಾತ್ರ ಓಡುತ್ತದೆ, ಹಾಗಾಗಿ ಹೆಡ್ ಒಂದು ಕೂದಲೆಳೆ ವಾರೆಯಾದರೂ ತಾರಸ್ವರ ಮಾಯ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮುಟ್ಟಿಸಿದ ಹತ್ತಿಯಿಂದ ಒರೆಸಿ. ಹೆಡ್ಡಿನ ಪಕ್ಕದ ಚಿಕ್ಕ ಸ್ಕ್ರೂವನ್ನು, ಟೇಪ್ ಓಡುತ್ತಿರುವಾಗಲೇ, ದನಿ ಅತ್ಯಂತ ನಿಚ್ಚಳವಾಗುವವರೆಗೆ ಸ್ವಲ್ಪ ಸ್ವಲ್ಪ ತಿರುಗಿಸಿ. ಮುಂಬೈ, ಚೆನ್ನೈಗಳ ಸಮುದ್ರದ ಹವೆಯಲ್ಲಿ ಟೇಪಿಗೆ ಬೂಷ್ಟು ಹಿಡಿದಿದ್ದರೆ ಮಾತ್ರ ಡೆಕ್ಕಿಗೆ ಹಾಕಲೇಬೇಡಿ, ಆ ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಅಜ್ಜಿಯ ಹಾಡಿನಂಥದ್ದನ್ನು ಒಮ್ಮೆ ಸರಿಯಾಗಿ ಓಡಿಸಿ ಕಂಪ್ಯೂಟರಿಗೆ ಇಳಿಸಿಬಿಡಿ. ಸಿ.ಡಿ.ಯ ಗುಣಮಟ್ಟ, ಅಂದರೆ 16 ಬಿಟ್, 44.1 ಕಿಲೋಹರ್ಟ್ಸ್ ಧಾರಾಳ ಸಾಕು; ನಿಮಿಷಕ್ಕೆ ಸುಮಾರು 10 ಎಂ.ಬಿ. ಆಗುತ್ತದೆ. ಎರಡು ಕಡೆ ಕಾಪಿ ಇಡಿ.

ಈಗ ಗೋಡೆಗಳ ಮಾತು. ನನ್ನ ಎರಡನೇ ದೊಡ್ಡ ತಪ್ಪು ಇಲ್ಲಿದೆ.

ನಮ್ಮ ಕೋಣೆ 12 ಅಡಿ ಉದ್ದ, 8 ಅಡಿ ಅಗಲ. ಉದ್ದದ ಗೋಡೆಗೆ ಶೋಕೇಸು, ಅದರಲ್ಲಿ ಟಿ.ವಿ., ಅದರ ಆಚೀಚೆ ಸ್ಪೀಕರ್. ಎದುರಿನ ಗೋಡೆಗೆ ಅಂಟಿಕೊಂಡು ದಿವಾನ. ಸಾವಿರಾರು ಮನೆಗಳಲ್ಲಿ ಇರುವ ವ್ಯವಸ್ಥೆಯೇ. ಹೊಸ ಸೂಜಿ ಬಂದ ಮೇಲೆ ಹಾಡೇನೋ ತಿಳಿಯಾಯಿತು, ಆದರೆ ಹಿಂದೂಸ್ತಾನಿ ಗಾಯನ ಹಾಕಿದಾಗಲೆಲ್ಲ ಕೋಣೆಯ ತುಂಬ ‘ಗುಂ’ ಎಂದು ಒಂದೇ ಸ್ವರ ತುಂಬಿಕೊಂಡು ಗಾಯಕರ ದನಿಯನ್ನು ನುಂಗುತ್ತಿತ್ತು. ಆಂಪ್ಲಿಫೈಯರಿಗೆ ಶಕ್ತಿ ಸಾಲದು ಎಂದರು ಬಲ್ಲವರು. ಎರಡರಷ್ಟು ವ್ಯಾಟಿನದು ಬಂತು. ‘ಗುಂ’ ಮಾತ್ರ ಜಾಗ ಬಿಡಲಿಲ್ಲ. ನಮ್ಮ ಮನೆಯವರು ಅಂದರು, “ಏನ್ರೀ, ಮೊದಲೂ ಹಿಂಗ ಕೇಳಸ್ತಿತ್ತಲ್ಲ?” ನಾನು ಉತ್ತರಿಸಲಿಲ್ಲ.

ಬೇಸಿಗೆ ರಜೆಗೆ ಊರಿನಿಂದ ನೆಂಟರು ಬಂದರು. ದಿವಾನ ಅವರಿಗೆ, ನನಗೆ ಕೋಣೆಯ ನಡುವೆ ನೆಲದ ಮೇಲೆ ಹಾಸಿಗೆ. ರಾತ್ರಿ ಸಣ್ಣಗೆ ಹಾಡು ಹಾಕಿಕೊಂಡು ಹಾಸಿಗೆಯ ಮೇಲೆ ಕೂತೆ. ‘ಗುಂ’ ಇರಲಿಲ್ಲ! ಎದ್ದು ದಿವಾನದ ಹತ್ತಿರ ಹೋದೆ, ಇತ್ತು. ತಿರುಗಿ ಬಂದು ಕೂತೆ, ಇಲ್ಲ. ಮಲಗಿದ್ದ ಸೋದರಮಾವ, “ಏನ್ ಹುಡಕಾಕತ್ತೀಯೋ?” ಅಂದರು. ಮಂದ್ರ ಹುಡುಕುತ್ತಿದ್ದೇನೆ ಅಂದರೆ ಏನೆಂದುಕೊಂಡಾರು ಎಂದು ಸುಮ್ಮನೆ ಮಲಗಿದೆ.

ಮರುದಿನ ಲೆಕ್ಕ ಹಾಕಿದೆ, ನೀವೂ ನಿಮ್ಮ ಕೋಣೆಗೆ ಹಾಕಿ ನೋಡಬಹುದು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರುಬದುರು ಎರಡು ಗೋಡೆಗಳ ನಡುವೆ ಒಮ್ಮೆ ಹೋಗಿ ಬರುವ ದೂರಕ್ಕೆ ಸರಿಯಾಗಿ ಹೊಂದುವ ಸ್ವರ ಅಲ್ಲಿ ಉಯ್ಯಾಲೆಯಂತೆ ಬಲಗೊಳ್ಳುತ್ತದೆ. 8 ಅಡಿ ಅಂದರೆ 2.44 ಮೀಟರ್, ಹೋಗಿ ಬಂದರೆ 4.88. 343ನ್ನು ಅದರಿಂದ ಭಾಗಿಸಿ: 70. ಸೆಕೆಂಡಿಗೆ 70 ಕಂಪನದ ಯಾವ ಸ್ವರ ಬಂದರೂ ನನ್ನ ಕೋಣೆ ತಾನೂ ದನಿಗೂಡಿಸುತ್ತದೆ ಎಂದಾಯಿತು. ಇನ್ನು ಗಂಡು ಗಾಯಕರಲ್ಲಿ ಹಲವರು ಆಧಾರ ಷಡ್ಜ ಇಟ್ಟುಕೊಳ್ಳುವುದು ಹಾರ್ಮೋನಿಯಂನ ಕಪ್ಪು ಒಂದರಲ್ಲಿ, ಕರ್ನಾಟಕ ಸಂಗೀತದವರ ಲೆಕ್ಕದಲ್ಲಿ ಒಂದೂವರೆ ಮನೆ. ಅದರ ಕಂಪನ ಸುಮಾರು 139, ತಂಬೂರಿಯ ಖರ್ಜದ ತಂತಿ ಅದರರ್ಧ, ಅಂದರೆ 69. ತಬಲಾದ ಡಗ್ಗಾದ ಗುಂಕಾರವೂ ಆ ಆಸುಪಾಸಿನದೇ. ಒಟ್ಟಿನಲ್ಲಿ ನನ್ನ ಕೋಣೆ ಬಿಲ್ಡರಿಗೂ ಗೊತ್ತಿಲ್ಲದೆ ಕಪ್ಪು ಒಂದಕ್ಕೆ ಶ್ರುತಿಗೂಡಿತ್ತು. ನಾನು ಅದನ್ನು ಆಂಪ್ಲಿಫೈಯರಿನಲ್ಲಿ ಹುಡುಕುತ್ತಿದ್ದೆ.

ಈ ಉಯ್ಯಾಲೆಗೆ ಒಂದು ಗುಣವಿದೆ. ಗೋಡೆಯ ಹತ್ತಿರ ಅದರ ಒತ್ತಡ ಅತಿ ಹೆಚ್ಚು, ಎರಡು ಗೋಡೆಗಳ ಸರಿ ಮಧ್ಯದಲ್ಲಿ ಅತಿ ಕಡಿಮೆ. ದಿವಾನ ಗೋಡೆಗೆ ಅಂಟಿದ್ದರಿಂದ ನನ್ನ ಕಿವಿ ಅದರ ಬಾಯಲ್ಲೇ ಇತ್ತು, ಹಾಸಿಗೆ ಮಧ್ಯದಲ್ಲಿದ್ದುದರಿಂದ ಪಾರಾಯಿತು. ಆ ವಾರವೇ ಸ್ಪೀಕರುಗಳನ್ನು 8 ಅಡಿಯ ಚಿಕ್ಕ ಗೋಡೆಯ ಕಡೆ ಸಾಗಿಸಿದೆವು. ಈಗ ಹಾಡು ಕೋಣೆಯ ಉದ್ದಕ್ಕೆ ಬರುತ್ತದೆ. ಆ ದಿಕ್ಕಿನ ಉಯ್ಯಾಲೆ 47 ಕಂಪನದ್ದು, ಖರ್ಜ ಅಷ್ಟು ಕೆಳಗೆ ಇಳಿಯುವುದಿಲ್ಲ. ಅಗಲದ ದಿಕ್ಕಿನ 70ರದ್ದು ಇದ್ದೇ ಇದೆ, ಆದರೆ ನಾನು ಕೂರುವುದು ಅದರ ಮಧ್ಯದಲ್ಲಿ. ಹಿಂದಿನ ಗೋಡೆಯಿಂದ ಎರಡೂವರೆ ಅಡಿ ಮುಂದೆ ಕುರ್ಚಿ. ಖರ್ಚು ಆದದ್ದು ನಾಲ್ಕು ಮೀಟರ್ ವೈರಿಗೆ. ಶೋಕೇಸಿನಲ್ಲಿ ಖಾಲಿಯಾದ ಜಾಗಕ್ಕೆ ಚನ್ನಪಟ್ಟಣದ ಗೊಂಬೆಗಳು ಬಂದವು.

ನಿಮ್ಮ ಮನೆಯಲ್ಲಿ ಹೀಗೆ ದಿಕ್ಕು ಬದಲಿಸಲು ಆಗದಿದ್ದರೆ ಸೋಫಾವನ್ನು ಎರಡು ಅಡಿ ಮುಂದೆ ಎಳೆದು ನೋಡಿ, ಸ್ಪೀಕರನ್ನು ಮೂಲೆಯಿಂದ ಹೊರಗೆ ತನ್ನಿ. ಮೂಲೆಯಲ್ಲಿಟ್ಟ ಸ್ಪೀಕರಿನ ಮಂದ್ರ ಉಬ್ಬುತ್ತದೆ, ಮೊದಲಿಗೆ ಅದೇ ಚೆಂದ ಅನ್ನಿಸುತ್ತದೆ, ನಾಲ್ಕು ದಿನಕ್ಕೆ ತಲೆನೋವು. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮತ್ರಿಕೋನದ ಮೂರು ಮೂಲೆಗಳಲ್ಲಿರಲಿ. ಚಿಕ್ಕ ಸ್ಪೀಕರ್, ಅಂದರೆ ಟ್ವೀಟರ್, ಕಿವಿಯ ಮಟ್ಟಕ್ಕೆ ಬರಲಿ. ಗ್ರಾನೈಟ್ ನೆಲ, ಬೋಳು ಗೋಡೆ, ಗಾಜಿನ ಕಿಟಕಿಯ ಹೊಸ ಫ್ಲ್ಯಾಟುಗಳಲ್ಲಿ ಚಪ್ಪಾಳೆ ತಟ್ಟಿದರೆ ‘ಟಿರ್ರ್’ ಎಂದು ಪ್ರತಿಧ್ವನಿ ಬರುತ್ತದೆ. ಜಮಖಾನೆ, ದಪ್ಪ ಪರದೆ, ಪುಸ್ತಕ ತುಂಬಿದ ಕಪಾಟು ಅದನ್ನು ಇಳಿಸುತ್ತವೆ. ಮಂದ್ರದ ‘ಗುಂ’ ಮಾತ್ರ ಪರದೆಗೆಲ್ಲ ಹೆದರುವುದಿಲ್ಲ, ಅದಕ್ಕೆ ಜಾಗ ಬದಲಿಸುವುದೊಂದೇ ಅಗ್ಗದ ಮದ್ದು.

ಇಷ್ಟಾದ ಮೇಲೆ ಆಂಪ್ಲಿಫೈಯರ್. ಎಷ್ಟು ವ್ಯಾಟ್ ಬೇಕು? 2000ದ ಆಸುಪಾಸಿನಲ್ಲಿ ಅಂಗೈಯಗಲದ ಸ್ಪೀಕರಿನ ಮೇಲೂ ‘1000 ವ್ಯಾಟ್ ಪಿ.ಎಂ.ಪಿ.ಒ.’ ಎಂಬ ಚೀಟಿ ಇರುತ್ತಿದ್ದುದು ನೆನಪಿರಬಹುದು. ಪೆಟ್ಟಿಗೆಯ ಹಿಂದೆ ನೋಡಿದರೆ ಅದು ಗೋಡೆಯಿಂದ ಎಳೆಯುವುದೇ 30 ವ್ಯಾಟ್. ಹಾಲು ಹಾಕಿದ್ದಕ್ಕಿಂತ ಹೆಚ್ಚು ಬೆಣ್ಣೆ! ನಂಬಬೇಕಾದ ಅಂಕಿ ಆರ್.ಎಂ.ಎಸ್. ವ್ಯಾಟ್. ಮನೆಯ ಸಾಮಾನ್ಯ ಸ್ಪೀಕರ್ 1 ವ್ಯಾಟಿಗೆ 1 ಮೀಟರ್ ದೂರದಲ್ಲಿ 86 ಡೆಸಿಬೆಲ್ ಆಸುಪಾಸು ದನಿ ಕೊಡುತ್ತದೆ. ನಾವು ಮನೆಯಲ್ಲಿ ನೆಮ್ಮದಿಯಾಗಿ ಕೇಳುವುದು 70-75 ಡೆಸಿಬೆಲ್. ಅಂದರೆ ಹೆಚ್ಚಿನ ಹೊತ್ತು ನಿಮ್ಮ ದೊಡ್ಡ ಆಂಪ್ಲಿಫೈಯರ್ ಒಂದು ವ್ಯಾಟನ್ನೂ ಕೊಡುತ್ತಿರುವುದಿಲ್ಲ. ತಬಲಾದ ಪೆಟ್ಟಿಗೆ, ತಾರ ಷಡ್ಜದ ಏರಿಗೆ ಒಂದು ಕ್ಷಣ ನೂರು ಪಟ್ಟು ಬೇಕಾಗಬಹುದು, ಅದಕ್ಕೆ 25ರಿಂದ 50 ವ್ಯಾಟ್ ಇದ್ದರೆ ಫ್ಲ್ಯಾಟಿಗೆ ಹೆಚ್ಚೇ ಆಯಿತು. 50ರಿಂದ 100 ವ್ಯಾಟಿಗೆ ಹೋದರೆ ಸಿಗುವುದು ಬರೀ 3 ಡೆಸಿಬೆಲ್. ದನಿ ಎರಡರಷ್ಟಾಯಿತು ಎಂದು ಕಿವಿಗೆ ಅನ್ನಿಸಲು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ನನ್ನ ಎರಡರಷ್ಟು ವ್ಯಾಟಿನ ಪೆಟ್ಟಿಗೆ ತಂದದ್ದನ್ನು ನಮ್ಮ ಮನೆಯವರು ಕಂಡುಹಿಡಿಯಲಾರದೆ ಹೋದದ್ದು ಅವರ ಕಿವಿಯ ದೋಷವಲ್ಲ. ಆದರೆ ಚಿಕ್ಕ ಆಂಪ್ಲಿಫೈಯರನ್ನು ಗಣೇಶನ ಹಬ್ಬದ ಪೆಂಡಾಲಿನಂತೆ ಪೂರ್ತಿ ತಿರುಗಿಸಬೇಡಿ. ಶಕ್ತಿ ಮೀರಿದಾಗ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಮೊದಲು ಸುಡುವುದು ಟ್ವೀಟರ್.

ವೈರಿನ ವಿಷಯಕ್ಕೆ ಬಂದರೆ ಬೆರಳು ಎಣಿಸಿ ಹೇಳಬಹುದು. ಮನೆಯ ವೈರಿಂಗಿಗೆ ಬಳಸುವ 1.5 ಚದರ ಮಿ.ಮೀ. ತಾಮ್ರದ ತಂತಿಯ ತಡೆ ಮೀಟರಿಗೆ ಸುಮಾರು 0.012 ಓಮ್. ಮೂರು ಮೀಟರ್ ದೂರದ ಸ್ಪೀಕರಿಗೆ ಹೋಗಿ ಬರಲು ಆರು ಮೀಟರ್, 0.07 ಓಮ್. ಸ್ಪೀಕರಿನದು 8 ಓಮ್. ನೂರಕ್ಕೆ ಒಂದು ಪಾಲೂ ಆಗಲಿಲ್ಲ. ನಾನು ಕೊಂಡಿದ್ದ ಹಾವಿನಷ್ಟು ದಪ್ಪದ ವೈರಿನ ಬೆಲೆಗೆ ಎರಡು ಹೊಸ ಸೂಜಿ ಬರುತ್ತಿದ್ದವು. ಮಗಳ ಕೈಲಿ ಗುಟ್ಟಾಗಿ ವೈರು ಅದಲುಬದಲು ಮಾಡಿಸಿ, ಕಣ್ಣು ಮುಚ್ಚಿ ಕೂತು ಯಾವುದು ಯಾವುದೆಂದು ಹೇಳಲು ನೋಡಿದೆ. ಹತ್ತರಲ್ಲಿ ಐದು ಸರಿ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು ಅಂದಳು. ನೀವೂ ಯಾವ ಹೊಸ ಪೆಟ್ಟಿಗೆ ಕೊಳ್ಳುವ ಮುನ್ನವೂ ಹೀಗೆ ಮಾಡಿ, ಒಂದು ಎಚ್ಚರ ಇಟ್ಟುಕೊಂಡು: ಎರಡರ ದನಿಯೂ ಒಂದೇ ಮಟ್ಟದಲ್ಲಿರಲಿ. ಒಂದಿಷ್ಟೇ ಜೋರಾಗಿರುವುದು ಯಾವಾಗಲೂ ಹೆಚ್ಚು ಚೆನ್ನಾಗಿ ಕೇಳುತ್ತದೆ. ಅದು ಅಂಗಡಿಯವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಕೊಳ್ಳುವುದಕ್ಕಿಂತ ಕಟ್ಟುವುದರಲ್ಲಿ ಹೆಚ್ಚು ಖುಷಿಯಿದೆ ಎನ್ನುವವರು ನಮ್ಮಲ್ಲಿ ಹಿಂದಿನಿಂದಲೂ ಇದ್ದಾರೆ. 1991ಕ್ಕೆ ಮೊದಲು ವಿದೇಶಿ ಸಾಮಾನಿಗೆ ಸುಂಕ ಅಷ್ಟಿತ್ತು. ಕರಾವಳಿಯವರ ಮನೆಗೆ ಗಲ್ಫಿನಿಂದ ಟೂ-ಇನ್-ವನ್ ಬರುತ್ತಿತ್ತು, ಉಳಿದವರು ‘ಎಲೆಕ್ಟ್ರಾನಿಕ್ಸ್ ಫಾರ್ ಯು’ ಪತ್ರಿಕೆಯ ಸರ್ಕಿಟ್ ನೋಡಿ ಸೋಲ್ಡರಿಂಗ್ ಕಡ್ಡಿ ಹಿಡಿಯುತ್ತಿದ್ದರು. ಅವರು ಹಾಕುತ್ತಿದ್ದ ವಾಲ್ವ್, ಜರ್ಮೇನಿಯಂ ಟ್ರಾನ್ಸಿಸ್ಟರುಗಳಲ್ಲಿ ಎಷ್ಟೋ ನಮ್ಮ ಬೆಂಗಳೂರಿನ ಬಿ.ಇ.ಎಲ್. ಕಾರ್ಖಾನೆಯವು. ಹಳೆ ರೇಡಿಯೋ ಬಿಚ್ಚಿದರೆ ಆ ಮೂರಕ್ಷರ ಇಂದಿಗೂ ಕಾಣುತ್ತದೆ. ಈಗಿನ ಸಾಮಾನಿಗೆ ಮುಂಬೈಯಲ್ಲಿ ಲ್ಯಾಮಿಂಗ್ಟನ್ ರೋಡ್, ಪುಣೆಯಲ್ಲಿ ಬುಧವಾರ ಪೇಠ, ಚೆನ್ನೈಯಲ್ಲಿ ರಿಚಿ ಸ್ಟ್ರೀಟ್, ಹೈದರಾಬಾದಿನಲ್ಲಿ ಕೋಠಿ, ದೆಹಲಿಯಲ್ಲಿ ಲಜಪತ್ ರಾಯ್ ಮಾರ್ಕೆಟ್. ಊರಿಗೆ ಹೋದಾಗ ಬೆಂಗಳೂರಿನ ಎಸ್.ಪಿ. ರೋಡ್ ಇದ್ದೇ ಇದೆ.

ಹೊಸಬರಿಗೆ ನನ್ನ ಸಲಹೆ ಎಲ್‌ಎಂ 1875 ಎಂಬ ಐದು ಕಾಲಿನ ಚಿಪ್. ಒಂದು ಕಡೆಗೆ 20 ವ್ಯಾಟ್, ಸುತ್ತ ಬೇಕಾಗುವ ಬಿಡಿಭಾಗ ಕೆಲವೇ. ಹೆಚ್ಚು ಬೇಕೆಂದರೆ ಎಲ್‌ಎಂ 3886. ನಕಲಿ ಚಿಪ್ಪುಗಳ ಹಾವಳಿ ಬಹಳ, ರೇಟು ತೀರಾ ಅಗ್ಗವಾದರೆ ಅನುಮಾನಿಸಿ. ಟ್ರಾನ್ಸ್‌ಫಾರ್ಮರ್ ಮತ್ತು ಹೀಟ್‌ಸಿಂಕಿನಲ್ಲಿ ಜಿಪುಣತನ ಬೇಡ. ಸ್ಪೀಕರ್ ಪೆಟ್ಟಿಗೆ ಕಟ್ಟುವವರು ಮೊದಲು ಆ ಸ್ಪೀಕರಿನ ಥೀಲ್-ಸ್ಮಾಲ್ ಅಂಕಿಗಳನ್ನು ಕೇಳಿ ಪಡೆಯಿರಿ. ನೆವಿಲ್ ಥೀಲ್, ರಿಚರ್ಡ್ ಸ್ಮಾಲ್ ಎಂಬಿಬ್ಬರು ಆಸ್ಟ್ರೇಲಿಯಾದಲ್ಲಿ ಕೂತು 1960-70ರ ದಶಕಗಳಲ್ಲಿ ಹಾಕಿಕೊಟ್ಟ ಲೆಕ್ಕ ಅದು. ಯಾವ ಸ್ಪೀಕರಿಗೆ ಎಷ್ಟು ಲೀಟರಿನ ಪೆಟ್ಟಿಗೆ, ಎಷ್ಟು ಉದ್ದದ ಕೊಳವೆ ಎಂಬುದು ಅದರಿಂದ ಗೊತ್ತಾಗುತ್ತದೆ. ಅಂಕಿ ಕೊಡದ ಸ್ಪೀಕರಿಗೆ ಅಂದಾಜಿನ ಮೇಲೆ ಪೆಟ್ಟಿಗೆ ಮಾಡಿದರೆ ನಮ್ಮ ಕೋಣೆಯ ‘ಗುಂ’ ಅನ್ನು ಮರದಲ್ಲಿ ಮಾಡಿದಂತೆ. ಸಮುದ್ರದ ಊರಿನವರು ಅಂಚಿಗೆ ಫೋಮ್ ಇರುವ ಸ್ಪೀಕರ್ ಬಿಟ್ಟು ರಬ್ಬರಿನದು ಕೊಳ್ಳಿ. ಫೋಮ್ ಹತ್ತು ಹದಿನೈದು ವರ್ಷದಲ್ಲಿ ಪುಡಿಯಾಗಿ ಉದುರುತ್ತದೆ.

ಕಟ್ಟಿದ ಆಂಪ್ಲಿಫೈಯರನ್ನು ಮೊದಲ ಬಾರಿ ನೇರವಾಗಿ 230 ವೋಲ್ಟಿಗೆ ಕೊಡಬೇಡಿ. ಹಳೆ ಕಾಲದ 60 ಅಥವಾ 100 ವ್ಯಾಟಿನ ತಂತಿ ಬಲ್ಬನ್ನು ಸೀರೀಸಿನಲ್ಲಿ ಹಾಕಿ, ಎಲ್.ಇ.ಡಿ. ಬಲ್ಬ್ ನಡೆಯದು. ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಇದೆ, ಕೂಡಲೇ ತೆಗೆಯಿರಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರುಗಳು ಚಾರ್ಜ್ ಹಿಡಿದುಕೊಂಡಿರುತ್ತವೆ. ಮೀಟರ್ ಹಚ್ಚಿ ನೋಡದೆ ಒಳಗೆ ಕೈ ಹಾಕಬೇಡಿ.

ಇನ್ನೊಂದನ್ನು ಕೈಮುಗಿದು ಹೇಳುತ್ತೇನೆ. ಸಿಸ್ಟಂನಲ್ಲಿ ‘ಹುಂ’ ಎಂಬ ಸದ್ದು ಬಂದರೆ ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸಿ ಹಾಕು ಎಂದು ಸಲಹೆ ಕೊಡುವವರು ಸಿಗುತ್ತಾರೆ. ಸದ್ದು ನಿಲ್ಲುವುದೂ ನಿಜ. ಆದರೆ ಒಳಗಿನ ವೈರು ಎಂದಾದರೂ ಲೋಹದ ಪೆಟ್ಟಿಗೆಗೆ ತಾಗಿದರೆ ಕರೆಂಟಿಗೆ ಭೂಮಿಗೆ ಹೋಗುವ ದಾರಿ ಇರುವುದಿಲ್ಲ, ಗುಂಡಿ ತಿರುಗಿಸಲು ಬಂದವರ ಮೈಯೇ ದಾರಿಯಾಗುತ್ತದೆ. ಆ ‘ಹುಂ’ಗೆ ಹೆಚ್ಚಾಗಿ ಕಾರಣ, ಸೆಟ್-ಟಾಪ್ ಬಾಕ್ಸಿಗೆ ಬರುವ ಕೇಬಲ್ ಒಂದು ಕಡೆ ಅರ್ಥ್ ಆಗಿದ್ದು, ನಿಮ್ಮ ಆಂಪ್ಲಿಫೈಯರ್ ಇನ್ನೊಂದು ಕಡೆ ಅರ್ಥ್ ಆಗಿರುವುದು. ಟಿ.ವಿ. ಕೇಬಲ್ ಕಿತ್ತು ನೋಡಿ. ಸದ್ದು ನಿಂತರೆ ಅಲ್ಲೊಂದು ಐಸೋಲೇಟರ್ ಹಾಕಿಸಿದರೆ ಮುಗಿಯಿತು. ಎಲ್ಲ ಪ್ಲಗ್ಗುಗಳನ್ನೂ ಒಂದೇ ಬೋರ್ಡಿಗೆ ಕೊಡುವುದೂ ಎಷ್ಟೋ ಸಲ ಸಾಕಾಗುತ್ತದೆ.

ಕೊನೆಗೆ ನಮ್ಮ ರೇಡಿಯೋ. ಟ್ಯೂನರಿನ ಹಿಂದೆ ಗೇಣುದ್ದದ ವೈರು ನೇತಾಡಿಸಿ, ಎಫ್.ಎಂ. ಕರಕರ ಎನ್ನುತ್ತದೆಂದು ಬರೆಯುವ ಕೇಳುಗರಿಗೆ ಒಂದು ಬಿಟ್ಟಿ ಅಪ್‌ಗ್ರೇಡ್. ಎರಡೆಳೆಯ ಸಾದಾ ವೈರು ತೆಗೆದುಕೊಂಡು ತುದಿಯಿಂದ 75 ಸೆಂಟಿಮೀಟರಿನಷ್ಟು ಸೀಳಿ, ಎರಡೂ ಎಳೆಗಳನ್ನು ಎಡಬಲಕ್ಕೆ ಚಾಚಿ ಇಂಗ್ಲಿಷಿನ ‘ಟಿ’ ಆಕಾರ ಮಾಡಿ. ಉಳಿದ ತುದಿಯ ಎರಡು ಎಳೆಗಳನ್ನು ಟ್ಯೂನರಿನ ಆಂಟೆನಾ ಜಾಗಕ್ಕೆ ಕೊಡಿ. 100 ಮೆಗಾಹರ್ಟ್ಸಿನ ಅಲೆಯ ಉದ್ದ 3 ಮೀಟರ್, ಅದರರ್ಧ ಒಂದೂವರೆ ಮೀಟರ್, ನಿಮ್ಮ ಎರಡು ಕೈಗಳ ಒಟ್ಟು ಉದ್ದವೂ ಅಷ್ಟೇ. ಪರದೆಯ ಹಿಂದೆ ಕಿಟಕಿಯ ಮೇಲೆ ಟೇಪಿನಿಂದ ಅಂಟಿಸಿ, ಕರಕರ ಕಡಿಮೆಯಾಗುವ ದಿಕ್ಕು ಹುಡುಕಿ.

ನಂತರ ನಿರೂಪಕರು ಮಾತಾಡುವಾಗ ಎರಡು ಸ್ಪೀಕರುಗಳ ನಡುವೆ ಕೂತು ಕಣ್ಣು ಮುಚ್ಚಿ. ಒಬ್ಬರೇ ಮೈಕಿನ ಮುಂದಿರುವಾಗ ಆ ದನಿ ಎಡದಿಂದಲೂ ಬರಬಾರದು, ಬಲದಿಂದಲೂ ಬರಬಾರದು, ನಡುವಿನ ಖಾಲಿ ಜಾಗದಲ್ಲಿ ಅವರೇ ಕೂತಂತೆ ಕೇಳಬೇಕು. ಕೇಳದೆ, ದನಿ ಚದುರಿ ತೆಳ್ಳಗಾಗಿ ತಲೆಯ ಸುತ್ತ ಸುಳಿಯುತ್ತಿದ್ದರೆ ಒಂದು ಸ್ಪೀಕರಿನ ಕೆಂಪು-ಕಪ್ಪು ತಂತಿ ಅದಲುಬದಲಾಗಿದೆ. ಸ್ವಿಚ್ ಆರಿಸಿ, ಒಂದೇ ಕಡೆಯ ತಂತಿ ತಿರುಗಿಸಿ ಹಾಕಿ, ಮತ್ತೆ ಹಚ್ಚಿ ನೋಡಿ.